ಶ್ಯಾವಿಗೆ ಮಲ್ಲಾಜಿಯೂ ಮುಚ್ಚಿದ ಭಂಡಾರವೂ

ಬಹಳ ಹಿಂದೆ, ಯಾಳಿಗಳು ಇನ್ನೂ ಕಲ್ಲುಕಂಬಕ್ಕೆ ಅಂಟಿಕೊಳ್ಳದೆ ಬೀದಿಯಲ್ಲಿ ಓಡಾಡಿಕೊಂಡಿದ್ದ ಕಾಲದಲ್ಲಿ, ಕುಂದಣಾವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಮಕ್ಕಳು ದನಿಯಿಲ್ಲದೆ ಹುಟ್ಟುತ್ತಿದ್ದರು. ಮಗು ಭೂಮಿಗೆ ಬಿದ್ದ ಗಳಿಗೆಗೆ ಸರಿಯಾಗಿ ಅದರ ದನಿ ಒಂದು ಬೆರಳುದ್ದದ ಚಿಪ್ಪಿನೊಳಗೆ ಕುಳಿತು, ರಾಜಧಾನಿಯ ಭಂಡಾರದ ಗೂಡಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ತಾಯಿಯಾದವಳು ಮುಂದಿನ ಯುಗಾದಿಯೊಳಗೆ ಹೋಗಿ ಅದನ್ನು ತರಬೇಕು. ತಂದು ಮಗುವಿನ ತುಟಿಗೆ ಇಟ್ಟರೆ ಮಗು ಅಳುತ್ತಿತ್ತು, ಮನೆಯವರೆಲ್ಲ ನಗುತ್ತಿದ್ದರು. ತರದೇ ಹೋದರೆ ಆ ದನಿ ಭಂಡಾರದ ಪಾಲು. ಮಗು ಬದುಕಿರುವಷ್ಟು ದಿನ ಮೂಕ.

ಮೊದಲೆಲ್ಲ ಇದು ದೊಡ್ಡ ಕೆಲಸವಾಗಿರಲಿಲ್ಲ. ಹೋದರು, ಮಗುವಿನ ಹೆಸರು ಹೇಳಿದರು, ಚಿಪ್ಪು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಹಬ್ಬದ ದಿನ ಮಾತ್ರ ಹೋಗುವಂತಿರಲಿಲ್ಲ. ರಾಜ್ಯ ಕಟ್ಟಿದ ಮೊದಲ ರಾಣಿ ದೀಪ ಮುಟ್ಟಿ ಆಣೆ ಇಟ್ಟಿದ್ದಳು:

"ನನ್ನ ನೆಲದಲ್ಲಿ ಯಾರ ಹಬ್ಬವೇ ಆಗಲಿ, ಅದು ಎಲ್ಲರ ಹಬ್ಬ. ಆ ದಿನ ಭಂಡಾರದ ಬಾಗಿಲು ತೆರೆಯಕೂಡದು. ಓಲೆ ಬರೆಯುವ ಕರಣಿಕನೂ ಮನೆಗೆ ಹೋಗಿ ಮಕ್ಕಳ ಜೊತೆ ಕೂತು ಉಣ್ಣಲಿ. ಆದರೆ ಒಲೆಯ ಮೇಲೆ ಸಿಹಿ ಬೇಯದ ದಿನ ಹಬ್ಬವಲ್ಲ."

ಒಳ್ಳೆಯ ಆಣೆ. ಯುಗಾದಿಗೆ ಬಾಗಿಲು ಮುಚ್ಚುತ್ತಿತ್ತು, ರಂಜಾನಿಗೆ ಮುಚ್ಚುತ್ತಿತ್ತು, ಮಹಾವೀರರ ಹುಟ್ಟುಹಬ್ಬಕ್ಕೆ, ಗೌರಿಗೆ, ದೀಪಾವಳಿಗೆ, ಕ್ರಿಸ್‌ಮಸ್ಸಿಗೆ ಮುಚ್ಚುತ್ತಿತ್ತು. ಆಣೆಯನ್ನು ಕಾಯಲು ಬಾಗಿಲ ಮುಂದೆ ಒಂದು ಯಾಳಿ ಕೂತಿತ್ತು. ಆನೆಯ ಸೊಂಡಿಲು, ಸಿಂಹದ ಮೈ, ಕಲ್ಲಿನ ಚರ್ಮ. ಹಬ್ಬದ ದಿನ ಬಾಗಿಲು ಮುಟ್ಟಿದವಳ ಮಗುವಿನ ಹೆಸರನ್ನು ಯಾಳಿ ಕಚ್ಚಿ ನುಂಗಿಬಿಡುತ್ತಿತ್ತು. ಹೆಸರು ಹೋದರೆ ದನಿಯೂ ಹೋದಂತೆ. ಆದರೂ ಹಬ್ಬ ಯಾವತ್ತು ಎಂದು ಊರಿಗೆಲ್ಲ ಗೊತ್ತಿದ್ದುದರಿಂದ ಯಾಳಿಗೆ ಕೆಲಸ ಬೀಳುತ್ತಿದ್ದುದೇ ಅಪರೂಪ.

ಹೀಗಿರುವಾಗ ಶತಕಂಠ ಎಂಬ ಮಾಂತ್ರಿಕನೊಬ್ಬ ಬಂದು ರಾಜ ಉದಯಮಾರನ ಮುಂದೆ ಹಾಡಿದ. ಒಂದೇ ಬಾಯಲ್ಲಿ ಐದು ದನಿ ಹೊರಡಿಸಿ ಹಾಡಿದ. ರಾಜ ತಲೆದೂಗಿ ಅವನನ್ನೇ ಭಂಡಾರಿ ಮಾಡಿದ. ಆ ಐದು ದನಿ ಎಲ್ಲಿಂದ ಬಂದವು ಎಂದು ಕೇಳುವಷ್ಟು ಬುದ್ಧಿ ರಾಜನಿಗೆ ಇರಲಿಲ್ಲ. ಕೇಳುವಷ್ಟು ಧೈರ್ಯ ಮಂತ್ರಿಗೆ ಇರಲಿಲ್ಲ.

ಶತಕಂಠ ಎರಡು ಕೆಲಸ ಮಾಡಿದ. ಒಂದು, ತಾಯಂದಿರು ಒಂದು ಸಲವಲ್ಲ, ಮೂರು ಸಲ ಬರಬೇಕೆಂದ. ಮೊದಲ ಸಲ ಮಗುವಿನ ಹೆಸರು ಹೇಳಬೇಕು, ಎರಡನೆಯ ಸಲ ಹೆಬ್ಬೆರಳು ಒತ್ತಬೇಕು, ಮೂರನೆಯ ಸಲ ಚಿಪ್ಪು ಪಡೆಯಬೇಕು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಮೂರು ಹುಣ್ಣಿಮೆ ಕಳೆದಿರಬೇಕು. ಎರಡು, ಹಳೆಯ ಓಲೆ ಕೆದಕಿ ಕೆದಕಿ ಹೊಸ ಹಬ್ಬಗಳನ್ನು ತೆಗೆದ. ಇರುವೆಗಳ ಹಬ್ಬ. ಪಟ್ಟದಾನೆಯ ಹಲ್ಲು ಬಿದ್ದ ಹಬ್ಬ. ಹಳೆಯ ರಾಜನಿಗೆ ಕೆಮ್ಮು ವಾಸಿಯಾದ ಹಬ್ಬ. ಅವು ಯಾವತ್ತು ಬರುತ್ತವೆಂದು ಯಾರಿಗೂ ಸಾರಲಿಲ್ಲ. ನಾಲ್ಕು ದಿನ ನಡೆದು ಬಂದ ತಾಯಂದಿರು ತಿಳಿಯದೆ ಬಾಗಿಲು ಮುಟ್ಟುತ್ತಿದ್ದರು, ಯಾಳಿ ಕಚ್ಚುತ್ತಿತ್ತು, ದನಿಗಳು ಶತಕಂಠನ ಗಂಟಲು ಸೇರುತ್ತಿದ್ದವು. ಎರಡೇ ವರ್ಷದಲ್ಲಿ ಅವನ ಐದು ದನಿ ತೊಂಬತ್ತಾಯಿತು. ರಾಜ್ಯದಲ್ಲಿ ಮೂಕ ಮಕ್ಕಳು ಹೆಚ್ಚಾದರು. ರಾಜರು ಸರತಿಯಲ್ಲಿ ನಿಲ್ಲುವುದಿಲ್ಲವಲ್ಲ, ಉದಯಮಾರನಿಗೆ ಒಂದೂ ಗೊತ್ತಾಗಲಿಲ್ಲ.

ರಾಜಧಾನಿಗೆ ನಾಲ್ಕು ದಿನದ ದಾರಿಯಲ್ಲಿ ಬಿಸಿಲುಗಟ್ಟೆ ಎಂಬ ಊರು. ಆ ಊರಿನಲ್ಲಿ ಮಲ್ಲಾಜಿ ಎಂಬ ಹೆಂಗಸು ಶ್ಯಾವಿಗೆ ಹೊಸೆದು ಬದುಕುತ್ತಿದ್ದಳು. ಅವಳ ಎಳೆ ಎಷ್ಟು ಸಣ್ಣಗಿತ್ತೆಂದರೆ ಸೂಜಿಯ ಕಣ್ಣಿನಲ್ಲಿ ಎರಡು ಒಟ್ಟಿಗೆ ಹೋಗುತ್ತಿದ್ದವು. ಗಂಡ ಉಪ್ಪಿನ ಗಾಡಿಯ ಜೊತೆ ಕಡಲಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅವಳು, ಅತ್ತೆ ಪಾರವ್ವ, ಅಷ್ಟೆ. ಆ ವರ್ಷ ಯುಗಾದಿ ಕಳೆದ ಐದನೆಯ ದಿನ ಮಲ್ಲಾಜಿಗೆ ಹೆಣ್ಣುಮಗು ಹುಟ್ಟಿತು. ಹೂವಿ ಎಂದು ಹೆಸರಿಟ್ಟರು. ಹೂವಿ ಬಾಯಿ ತೆರೆದು ಅಳುತ್ತಿದ್ದಳು, ಮುಖ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಹಸಿವೋ, ಹೊಟ್ಟೆನೋವೋ, ಇರುವೆ ಕಚ್ಚಿತೋ ಎಂದು ತಿಳಿಯಲು ಮಲ್ಲಾಜಿ ಮಗುವಿನ ಮುಖವನ್ನೇ ನೋಡುತ್ತಾ ಕೂರಬೇಕಿತ್ತು. ಹಿಟ್ಟು ನಾದುವಾಗಲೂ ನೋಡುತ್ತಿದ್ದಳು. ಮಲಗಿದಾಗ ಮಗುವಿನ ಕಾಲಿಗೂ ತನ್ನ ಬಳೆಗೂ ಒಂದು ನೂಲು ಕಟ್ಟಿಕೊಳ್ಳುತ್ತಿದ್ದಳು.

"ಮೂರು ಸಲ ಹೋಗಿ ಬರೋದು ನಿನ್ನಿಂದ ಆಗುತ್ತೇನೇ?" ಎಂದಳು ಪಾರವ್ವ. "ಆಚೆಮನೆಯವಳು ಎರಡು ಸಲ ಹೋಗಿ, ಮೂರನೇ ಸಲ ಆನೆಹಲ್ಲಿನ ಹಬ್ಬದ ದಿನ ಬಾಗಿಲು ಮುಟ್ಟಿ ಬಂದಳು. ಅವಳ ಮಗನಿಗೆ ಈಗ ಎರಡು ವರ್ಷ. ಕೈ ತಟ್ಟಿ ಕರೀತಾನೆ."

"ಅವಳು ಕಾಲು ನಂಬಿ ಹೋದಳು ಅತ್ತೆ. ನಾನು ಗೋಡೆ ನಂಬಿ ಹೋಗ್ತೀನಿ."

ಮಲ್ಲಾಜಿಯ ಅಡಿಗೆಮನೆಯಲ್ಲಿ ಸುಣ್ಣ ಬಳಿದ ಒಂದು ಗೋಡೆ ಇತ್ತು. ಅದರ ಮೇಲೆ ವರ್ಷದ ದಿನಗಳೆಲ್ಲ ಚುಕ್ಕೆಗಳಾಗಿ ಸಾಲುಗಟ್ಟಿ ನಿಂತಿದ್ದವು. ಹಬ್ಬದ ದಿನಕ್ಕೆ ಕೆಮ್ಮಣ್ಣು ಬಳಿದ ಕೆಂಪು ಚುಕ್ಕೆ. ಬರಿಯ ದಿನಕ್ಕೆ ಬಿಳಿ. ಅವಳು ಚಂದಕ್ಕೆ ಬರೆದದ್ದಲ್ಲ. ಶ್ಯಾವಿಗೆ ಒಣಗಲು ಐದು ಬಿಸಿಲು ಬೇಕು. ಹಬ್ಬದ ಹಿಂದಿನ ದಿನ ಹೊಸೆದರೆ ಹಸುವಿಗೆ ಹಾಕಬೇಕಷ್ಟೆ. ಆದ್ದರಿಂದ ಯಾವ ಜನರ ಹಬ್ಬ ಯಾವತ್ತು, ಯಾವುದು ಸೂರ್ಯನ ಹಿಂದೆ ಹೋಗುತ್ತದೆ, ಯಾವುದು ಚಂದ್ರನ ಹಿಂದೆ ಹೋಗುತ್ತದೆ, ಎಲ್ಲ ಅವಳಿಗೆ ತಿಂಗಳ ಮೊದಲೇ ತಿಳಿದಿರುತ್ತಿತ್ತು. ಪೂಜಾರಿಗೆ ಅನುಮಾನ ಬಂದರೆ ಅವನೂ ಬಂದು ಆ ಗೋಡೆ ನೋಡಿ ಹೋಗುತ್ತಿದ್ದ.

ಆದರೆ ಶತಕಂಠನ ಕಳ್ಳಹಬ್ಬಗಳು ಗೋಡೆಗೆ ಹೇಗೆ ಬರಬೇಕು?

ಅದೂ ಬಂತು. ಮಲ್ಲಾಜಿ ಬಾಣಂತಿತನ ಮುಗಿಸಿ ಮಣೆಯ ಮುಂದೆ ಕೂತ ಮೊದಲ ದಿನವೇ, ಒಂದು ಕಾಗೆ ಬಂದು ಕಿಟಕಿಯ ಮೇಲೆ ಕೂತು ಮನುಷ್ಯರ ಮಾತಾಡಿತು.

"ಭಂಡಾರಕ್ಕೆ ಎಂಟು ಸೇರು ಶ್ಯಾವಿಗೆ. ಸಣ್ಣ ಎಳೆ. ಆಷಾಢ ದಶಮಿಯೊಳಗೆ ಬರಬೇಕು."

"ಆಷಾಢ ದಶಮಿಗೆ ಯಾವ ಹಬ್ಬ ಅಪ್ಪಾ?"

"ಇರುವೆ ಹಬ್ಬ."

"ಇರುವೆಗೆ ಎಂಟು ಸೇರಾ? ಹೊಟ್ಟೆ ಯಾರದು?"

ಕಾಗೆ ನಾಲಿಗೆ ಕಚ್ಚಿಕೊಂಡು ಹಾರಿಹೋಯಿತು. ಮಲ್ಲಾಜಿ ಹಿಟ್ಟಿನ ಕೈಯಲ್ಲೇ ಎದ್ದು ಗೋಡೆಯ ಮುಂದೆ ನಿಂತಳು. ಸಿಹಿ ಬೇಯದ ದಿನ ಹಬ್ಬವಲ್ಲ ಎಂದು ರಾಣಿ ಆಣೆ ಇಟ್ಟಿದ್ದಾಳೆ. ಹಾಗಾದರೆ ಸುಳ್ಳು ಹಬ್ಬಕ್ಕೂ ಶತಕಂಠ ಪಾಯಸ ಮಾಡಲೇಬೇಕು. ಪಾಯಸಕ್ಕೆ ಶ್ಯಾವಿಗೆ ಬೇಕು. ಅಷ್ಟು ಸಣ್ಣ ಎಳೆ ಹೊಸೆಯುವವಳು ತಾನೊಬ್ಬಳೇ, ಶ್ಯಾವಿಗೆಗೆ ಅವನ ಕಾಗೆ ತನ್ನ ಕಿಟಕಿಗೇ ಬರಬೇಕು. ಅವಳು ಕೆಮ್ಮಣ್ಣು ಕಲಸಿ ಆಷಾಢ ದಶಮಿಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟಳು.

"ಅತ್ತೆ, ನಾನು ಏಕಾದಶಿಗೆ ಭಂಡಾರದಲ್ಲಿರ್ತೀನಿ," ಎಂದಳು.

ಎಂಟು ಸೇರು ಶ್ಯಾವಿಗೆಯನ್ನು ಮುಂಚೆಯೇ ಗಾಡಿಯಲ್ಲಿ ಭಂಡಾರಕ್ಕೆ ಕಳಿಸಿ, ಹೂವಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಲ್ಲಾಜಿ ಹೊರಟಳು. ಮಳೆ ಹನಿಸುತ್ತಿತ್ತು. ನಾಲ್ಕು ದಿನ ನಡೆದು, ದಶಮಿಯ ಮಧ್ಯಾಹ್ನ ರಾಜಧಾನಿ ಸೇರಿದಳು. ಹೋಗಿ ನೋಡಿದರೆ ಭಂಡಾರದ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಜೇನಿನಂಥ ದನಿಯೊಂದು ಕರೆಯಿತು: "ಬನ್ನಿ ತಾಯಿ, ಬನ್ನಿ. ದೂರದಿಂದ ಬಂದಿದ್ದೀರಿ. ಇವತ್ತು ಹಬ್ಬವಿಲ್ಲ, ಬಾಗಿಲು ತಳ್ಳಿ ಬನ್ನಿ."

ಮಲ್ಲಾಜಿಯ ಮುಂದೆ ನಿಂತಿದ್ದ ಒಬ್ಬ ತಾಯಿ ಕೈ ಚಾಚಿದಳು. ಮಲ್ಲಾಜಿ ಗಾಳಿಯನ್ನು ಮೂಸಿದಳು. ಏಲಕ್ಕಿ. ಹಾಲು. ತುಪ್ಪದಲ್ಲಿ ಹುರಿದ ಶ್ಯಾವಿಗೆ. ತಾನೇ ಹೊಸೆದ ಶ್ಯಾವಿಗೆ, ಅದರ ವಾಸನೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ತಡಿ ತಂಗಿ," ಎಂದು ಅವಳ ಕೈ ಹಿಡಿದಳು. "ಒಳಗೆ ಪಾಯಸ ಕುದೀತಿದೆ. ಪಾಯಸ ಕುದಿಯೋ ಮನೇಲಿ ಹಬ್ಬ ಇಲ್ಲ ಅಂದ್ರೆ ನಂಬಬೇಡ."

ಇಬ್ಬರೂ ಹಿಂದೆ ಸರಿದರು. ಬಾಗಿಲು ತಾನಾಗಿ ದಡಾರನೆ ಮುಚ್ಚಿತು. ಜೇನಿನ ದನಿ ಹೋಗಿ ಒಳಗೆ ಯಾರೋ ಹಲ್ಲು ಕಡಿದ ಸದ್ದು ಕೇಳಿತು.

ಯಾಳಿ ಕಲ್ಲಿನ ಕಣ್ಣು ತೆರೆದು ಮಲ್ಲಾಜಿಯನ್ನು ನೋಡಿತು. "ಆ ವಾಸನೆ ನನಗೂ ಬರುತ್ತದೆ," ಎಂದಿತು. "ಮುನ್ನೂರು ವರ್ಷದಿಂದ ಎಲ್ಲರ ಹಬ್ಬ ಕಾಯುತ್ತಿದ್ದೇನೆ. ಒಬ್ಬರೂ ಒಂದು ಎಲೆ ಹಾಕಿಲ್ಲ."

ಮಲ್ಲಾಜಿ ಬುತ್ತಿ ಬಿಚ್ಚಿ ಶ್ಯಾವಿಗೆ ಉಪ್ಪಿಟ್ಟನ್ನು ಎಲೆಯ ಮೇಲೆ ಹಾಕಿ ಯಾಳಿಯ ಮುಂದಿಟ್ಟಳು. "ಆರಿದೆ, ಬೇಜಾರು ಮಾಡ್ಕೋಬೇಡ." ಯಾಳಿ ಸೊಂಡಿಲಿನಿಂದ ಎಲೆಯನ್ನೂ ಸೇರಿಸಿ ತಿಂದಿತು. ಮರುದಿನ ಏಕಾದಶಿ. ಬಾಗಿಲು ತೆರೆದಿತ್ತು. ಮಲ್ಲಾಜಿ ಒಳಗೆ ಹೋಗಿ ಹೇಳಿದಳು: "ಹೂವಿ." ಗೂಡಿನಲ್ಲಿ ಒಂದು ಚಿಪ್ಪು ಟಿಣ್ ಎಂದಿತು. ಬೆನ್ನ ಮೇಲಿದ್ದ ಮಗು ತಲೆ ಎತ್ತಿ ಸುತ್ತ ನೋಡಿತು.

ಒಂದು ಸಲ ಮುಗಿಯಿತು.

ಶ್ರಾವಣ ಬಂತು, ಭಾದ್ರಪದ ಬಂತು. ಕೆಂಪು ಚುಕ್ಕೆಗಳು ಗೋಡೆಯ ಮೇಲೆ ಸೀತಾಳೆ ಸಿಡುಬು ಎದ್ದ ಹಾಗೆ ಎದ್ದವು. ನಾಗರ ಪಂಚಮಿ, ಗೌರಿ, ಗಣಪತಿ, ನವರಾತ್ರಿ, ದೀಪಾವಳಿ ಸಾಲಾಗಿ ಬಂದವು. ಅವುಗಳ ನಡುವಿನ ಸಂದಿಯಲ್ಲೆಲ್ಲ ಕಾಗೆ ಹೊತ್ತು ತಂದ ಕಳ್ಳಹಬ್ಬಗಳು. ಮಲ್ಲಾಜಿ ಬೆಳಗಾಗುವ ಮೊದಲು ಹಿಟ್ಟು ನಾದಿದಳು, ಬಿಸಿಲಿದ್ದಾಗ ಕೋಲಿಗೆ ಹಾಕಿದಳು, ಮೋಡ ಬಂದರೆ ಒಳಗೆ ತಂದಳು, ಮಗುವಿಗೆ ಜ್ವರ ಬಂದ ದಿನಗಳಿಗೆ ಇದ್ದಿಲಿನಿಂದ ಕಪ್ಪು ಚುಕ್ಕೆ ಇಟ್ಟಳು, ನಡೆಯುವ ನಾಲ್ಕು ನಾಲ್ಕು ದಿನಕ್ಕೆ ಗೆರೆ ಎಳೆದಳು. ಹಬ್ಬ ಒಂದನ್ನೂ ಬಿಡಲಿಲ್ಲ. ಗೌರಿಗೆ ಬಾಗಿನ ಕೊಟ್ಟಳು, ದೀಪಾವಳಿಗೆ ನೀರು ತುಂಬಿದಳು. ಹೊರಗಿನವರಿಗೆ ಅವಳು ಬರೀ ಶ್ಯಾವಿಗೆ ಹೊಸೆಯುವವಳು. ಆ ಗೋಡೆಯ ಮುಂದೆ ನಿಂತು ನೋಡಿದವರಿಗೆ ಮಾತ್ರ, ದಂಡು ನಡೆಸುವವನಿಗೂ ಇಷ್ಟು ಲೆಕ್ಕ ಬರಲಾರದು ಎನ್ನಿಸುತ್ತಿತ್ತು.

ಇಷ್ಟೆಲ್ಲ ನೋಡಿದರೂ ಎರಡನೆಯ ಸಲಕ್ಕೆ ಮಾರ್ಗಶಿರದಲ್ಲಿ ಒಂದೇ ಒಂದು ಬಿಳಿ ದಿನದ ಮೇಲೆ ಅವಳ ಬೆರಳು ನಿಂತಿತು. ಆ ಒಂದು ದಿನವೂ ಗಟ್ಟಿಯಲ್ಲ. ಆ ವರ್ಷ ರಂಜಾನ್ ಹಬ್ಬ ಮಾರ್ಗಶಿರದಲ್ಲಿ ಬಂದಿತ್ತು. ಅವಳು ಪಕ್ಕದ ಮನೆಯ ಹುಸೇನಬಿಯನ್ನು ಕರೆದು ಕೇಳಿದಳು.

"ಅಕ್ಕಾ, ಉಪವಾಸದ ಇಪ್ಪತ್ತೊಂಬತ್ತನೇ ದಿನ ಭಂಡಾರದಲ್ಲಿ ಬೆಕ್ಕಿನ ಹಬ್ಬ ಅಂತೆ. ಅದರ ಮಾರನೇ ದಿನ ಬಾಗಿಲು ತೆಗೆದಿರುತ್ತಾ?"

"ಚಂದ್ರನ್ನ ಕೇಳು," ಎಂದಳು ಹುಸೇನಬಿ. "ಇಪ್ಪತ್ತೊಂಬತ್ತರ ಸಂಜೆ ಅವನು ಕಂಡ್ರೆ ಮಾರನೇ ದಿನವೇ ನಮ್ಮ ಹಬ್ಬ, ಬಾಗಿಲು ಮುಚ್ಚಿರುತ್ತೆ. ಕಾಣದಿದ್ರೆ ಇನ್ನೊಂದು ಉಪವಾಸ, ಆ ದಿನ ನಿನ್ನದು."

"ಅದರ ಮುಂದೆ?"

"ಮುಂದೆ ನಿನ್ನ ಗೋಡೆ ಪೂರ್ತಿ ಕೆಂಪಗಿದೆಯಲ್ಲೇ." ಹುಸೇನಬಿ ಶ್ಯಾವಿಗೆಯ ಎಳೆಯೊಂದನ್ನು ಬೆಳಕಿಗೆ ಹಿಡಿದಳು. "ಒಂದು ಮಾತು ನೆನಪಿಟ್ಕೋ. ನಮ್ಮ ಮೊದಲ ಚಂದ್ರ ಮದುಮಗಳಿದ್ದ ಹಾಗೆ. ಇಣುಕಿ ನೋಡಿ ಒಳಗೆ ಹೋಗ್ತಾನೆ. ನೀನು ಒಂದು ಮಣೆ ಶ್ಯಾವಿಗೆ ಹೊಸೆಯೋದ್ರೊಳಗೆ ಮುಳುಗದಿದ್ರೆ ಅವನು ನಮ್ಮವನಲ್ಲ."

ಮಲ್ಲಾಜಿ ಬುತ್ತಿಯ ಜೊತೆ ಒಂದು ಮಣೆಯನ್ನೂ ಒಂದು ಉಂಡೆ ಹಿಟ್ಟನ್ನೂ ಕಟ್ಟಿಕೊಂಡು ಹೊರಟಳು.

ಇಪ್ಪತ್ತೊಂಬತ್ತನೆಯ ದಿನ ಸಂಜೆ ಭಂಡಾರದ ಮುಂದಿನ ಛತ್ರದ ಅಂಗಳದಲ್ಲಿ ಹನ್ನೆರಡು ಮಂದಿ ತಾಯಂದಿರು ಪಡುವಣಕ್ಕೆ ಮುಖ ಮಾಡಿ ಕೂತಿದ್ದರು. ಸೂರ್ಯ ಇಳಿದ. ಇಳಿದದ್ದೇ ತಡ, ಛತ್ರದ ಸೂರಿನ ಆಚೆ ಬೆಳ್ಳನೆಯ ಒಂದು ಗೆರೆ ಮೂಡಿತು.

"ಚಂದ್ರ ಕಂಡ," ಎಂದರು ಎಲ್ಲರೂ. "ನಾಳೆ ಹಬ್ಬ. ಆಮೇಲೆ ಬಾಗಿಲು ಯಾವಾಗ ತೆಗೆಯುತ್ತೋ ಯಾರಿಗೆ ಗೊತ್ತು. ನಡೀರಿ, ಬೆಳಗಾದರೆ ಊರಿನ ದಾರಿ ಹಿಡಿಯೋಣ." ಗಂಟು ಕಟ್ಟತೊಡಗಿದರು.

ಮಲ್ಲಾಜಿ ಮಣೆ ಹಾಕಿಕೊಂಡು ಶ್ಯಾವಿಗೆ ಹೊಸೆಯಲು ಕೂತಳು.

"ಈ ಹೊತ್ತಲ್ಲಿ ಅಡಿಗೆನಾ?" ಎಂದಳು ಒಬ್ಬಳು.

"ಅಡಿಗೆ ಅಲ್ಲ ತಾಯಿ, ಅಳತೆ."

ಹೊಸೆದಳು. ಒಂದು ಮಣೆ ತುಂಬಿತು. ಚಂದ್ರ ಅಲ್ಲೇ ಇದ್ದ. ಅದನ್ನು ತೆಗೆದು ಇನ್ನೊಂದು ಮಣೆ ಹೊಸೆದಳು. ಚಂದ್ರ ಅಲ್ಲೇ ಇದ್ದ, ಒಂದು ಅಂಗುಲವೂ ಇಳಿದಿರಲಿಲ್ಲ. ಮಲ್ಲಾಜಿ ಹಿಟ್ಟಿನ ಸಣ್ಣ ಉಂಡೆಯೊಂದನ್ನು ಮಾಡಿ ಗುರಿಯಿಟ್ಟು ಎಸೆದಳು. ಠಣ್ ಎಂದಿತು. ಚಂದ್ರ ತೂಗಾಡಿತು. ತಗಡಿನ ಚಂದ್ರ, ದಾರ ಕಟ್ಟಿ ಇಳಿಬಿಟ್ಟದ್ದು.

"ಮದುಮಗಳಲ್ಲ," ಎಂದಳು ಮಲ್ಲಾಜಿ. "ನಾಳೆ ಬಾಗಿಲು ತೆಗೆದಿರುತ್ತೆ. ಹೋಗೋರು ಹೋಗಿ, ಇರೋರು ಇರಿ."

ಹನ್ನೆರಡು ಮಂದಿಯೂ ಗಂಟು ಬಿಚ್ಚಿದರು. ಬೆಳಗ್ಗೆ ಬಾಗಿಲು ತೆರೆದೇ ಇತ್ತು. ಮಲ್ಲಾಜಿ ಹೆಬ್ಬೆರಳು ಒತ್ತಿದಳು. ಹೊರಗೆ ಬಂದವಳು ಹೊರಟುಬಿಡಲಿಲ್ಲ. ಮಾರನೆಯ ದಿನ ನಿಜವಾದ ಹಬ್ಬ. ಅಂದು ಅಲ್ಲೇ ಉಳಿದು, ಬೀದಿಯವರು ಕರೆದು ಕೊಟ್ಟ ಹಾಲು ಶ್ಯಾವಿಗೆಯ ಶೀರ್‌ಕುರ್ಮಾವನ್ನು ಒಂದು ಬಟ್ಟಲು ತಂದು ಯಾಳಿಗೆ ಇಟ್ಟಳು.

"ಇದರಲ್ಲಿ ಖರ್ಜೂರ ಇದೆ," ಎಂದಿತು ಯಾಳಿ, ಬಟ್ಟಲು ನೆಕ್ಕುತ್ತಾ. ಅದರ ಕಲ್ಲಿನ ಕತ್ತು ಒಂದಿಷ್ಟು ಮೆದುವಾದಂತೆ ಕಂಡಿತು.

ಎರಡು ಸಲ ಮುಗಿಯಿತು.

ಮೂರನೆಯ ಸಲಕ್ಕೆ ಮೂರು ಹುಣ್ಣಿಮೆ ಕಳೆಯಬೇಕು. ಕಳೆದರೆ ಮಾಘ ಮುಗಿಯುತ್ತಾ ಬರುತ್ತದೆ, ಉಳಿಯುವುದು ಫಾಲ್ಗುಣ ಒಂದೇ. ಫಾಲ್ಗುಣ ಮುಗಿದರೆ ಯುಗಾದಿ.

ಶತಕಂಠನೂ ದಡ್ಡನಲ್ಲ. ಬಿಸಿಲುಗಟ್ಟೆಯ ಹೆಂಗಸೊಬ್ಬಳು ತಾಯಂದಿರಿಗೆ ದಿನ ಹೇಳಿಕೊಡುತ್ತಿದ್ದಾಳೆ ಎಂದು ಅವನ ಕಿವಿಗೆ ಬಿದ್ದಿತ್ತು. ಮಾಘದ ಒಂದು ಬೆಳಗ್ಗೆ ಕಿಟಕಿಯ ಮೇಲೆ ಒಂದಲ್ಲ, ಮೂವತ್ತು ಕಾಗೆಗಳು ಬಂದು ಕೂತವು.

"ಫಾಲ್ಗುಣ ಪಾಡ್ಯಕ್ಕೆ ಎಂಟು ಸೇರು," ಎಂದಿತು ಮೊದಲನೆಯದು. "ಬಿದಿಗೆಗೆ ಎಂಟು," ಎಂದಿತು ಎರಡನೆಯದು. ತದಿಗೆಗೆ, ಚೌತಿಗೆ, ಪಂಚಮಿಗೆ, ಹೀಗೆ ಅಮಾವಾಸ್ಯೆಯವರೆಗೆ ಮೂವತ್ತು ಕಾಗೆಗಳೂ ಒಂದೊಂದು ದಿನ ಹೇಳಿ ಹಾರಿಹೋದವು. ಮಾಘದ ಉಳಿದ ದಿನಗಳು ಮೊದಲೇ ಕೆಂಪಾಗಿದ್ದವು. ಮಲ್ಲಾಜಿ ಕೆಮ್ಮಣ್ಣಿನಲ್ಲಿ ಬೆರಳು ಅದ್ದಿ ಅದ್ದಿ ಕೊನೆಯ ಸಾಲನ್ನು ತುಂಬಿದಳು. ಒಂದು ಬಿಳಿ ಚುಕ್ಕೆ ಉಳಿಯಲಿಲ್ಲ.

ಅವಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಹೂವಿ ಅಂಬೆಗಾಲಿಟ್ಟು ಬಂದು, ಅವ್ವನ ಕೆಂಪು ಬೆರಳನ್ನು ಹಿಡಿದು, ಬಾಯಿ ತೆರೆದು ಏನೋ ಹೇಳಿದಳು. ಏನೂ ಕೇಳಲಿಲ್ಲ. ವರ್ಷದಲ್ಲಿ ಮೊದಲ ಸಲ ಮಲ್ಲಾಜಿಯ ಕಣ್ಣಲ್ಲಿ ನೀರು ಬಂತು.

ಆ ಹೊತ್ತಿಗೆ ಪಾರವ್ವ ಅಕ್ಕಿ ನೆನೆಹಾಕಲು ಬೋಗುಣಿ ಹುಡುಕುತ್ತಾ ಒಳಗೆ ಬಂದಳು. "ಬೆಲ್ಲ ಎಷ್ಟಿದೆ ನೋಡೇ. ಅಳಿಯ ಹೇಳಿಕಳಿಸಿದ್ದಾನೆ. ಅತ್ತೆ, ಈ ಸಲ ಕಜ್ಜಾಯಕ್ಕೆ ಎಳ್ಳು ಜಾಸ್ತಿ ಹಾಕಿಸಿ ಅಂತ. ಹೊಟ್ಟೆಬಾಕ. ತಿಂಗಳು ಮೊದಲೇ ನೆನಪು ಮಾಡ್ತಾನೆ."

"ಯಾವ ಕಜ್ಜಾಯ ಅತ್ತೆ?"

"ಮೂವತ್ತಮೂರು ಕಜ್ಜಾಯ. ಮಗಳ ಮದುವೆಯಾದ ವರ್ಷ ಅಧಿಕ ಮಾಸ ಬಂದಿತ್ತಲ್ಲ, ಆವತ್ತು ಕೊಟ್ಟಿದ್ದು. ಮೂವತ್ತೆರಡು ತಿಂಗಳು ಕಳೀತು. ಈ ಸಲ ಫಾಲ್ಗುಣವೇ ಎರಡು ಬರುತ್ತೆ. ಮೊದಲನೇದು ಅಧಿಕ, ಎರಡನೇದು ನಿಜ. ಅಪರೂಪಕ್ಕೆ ಹೀಗಾಗುತ್ತೆ, ನಮ್ಮಜ್ಜಿ ಹೇಳ್ತಿದ್ಳು. ಯಾಕೇ ಹಾಗೆ ನೋಡ್ತೀಯಾ?"

ಮಲ್ಲಾಜಿ ಎದ್ದು ನಿಂತಿದ್ದಳು. ಬಾಣಂತಿತನ, ಮಗು, ನಡಿಗೆ ಎನ್ನುತ್ತಾ ಅವಳು ಮರೆತದ್ದು ಅದೊಂದೇ. ಅಧಿಕ ಮಾಸದಲ್ಲಿ ಹಬ್ಬವಿಲ್ಲ, ಮದುವೆಯಿಲ್ಲ. ಆ ತಿಂಗಳು ಯಾರದೂ ಅಲ್ಲ. ಹಬ್ಬಗಳೆಲ್ಲ ನಿಜ ಮಾಸಕ್ಕೆ ಸರಿಯುತ್ತವೆ. ಶತಕಂಠನ ಮೂವತ್ತು ಕಳ್ಳಹಬ್ಬಗಳೂ ಸರಿಯಲೇಬೇಕು.

"ಅವನಿಗೆ ಇದು ಗೊತ್ತಿರಲ್ವಾ ಅತ್ತೆ?"

"ಅವನಿಗೆ ಹೆಂಡತಿ ಇದ್ದಾಳಾ? ಮಗಳಿದ್ದಾಳಾ? ಅಳಿಯ ಇದ್ದಾನಾ?" ಎಂದಳು ಪಾರವ್ವ. "ಬಂದು ಎರಡೂವರೆ ವರ್ಷ ಆಯ್ತು. ಅಧಿಕ ಮಾಸ ನೆನಪಿರೋದು ಅಳಿಯಂದಿರಿಗೆ, ಅಳಿಯಂದಿರಿರೋ ಮನೆಗೆ."

ಮಲ್ಲಾಜಿ ಸುಣ್ಣ ಕಲಸಿ ಮಾಘಕ್ಕೂ ಫಾಲ್ಗುಣಕ್ಕೂ ನಡುವೆ ಹೊಸದೊಂದು ಸಾಲು ಬರೆದಳು. ಮೂವತ್ತು ಬಿಳಿ ಚುಕ್ಕೆ. ಆಮೇಲೆ ಅತ್ತೆ ಸೊಸೆ ಇಬ್ಬರೂ ಕೂತು ಕಜ್ಜಾಯ ಕರಿದರು. ಅಳಿಯನಿಗೆ ಮೂವತ್ತಮೂರು. ಇನ್ನೊಂದು ಮೂವತ್ತಮೂರು ಬಿದಿರ ಮೊರದಲ್ಲಿ ಇಟ್ಟು, ಮೇಲೊಂದು ಮೊರ ಮುಚ್ಚಿ, ನೂಲು ಸುತ್ತಿ ಕಟ್ಟಿದರು.

ಅಧಿಕ ಪಾಡ್ಯದ ಬೆಳಗ್ಗೆ ಭಂಡಾರದ ಮುಂದೆ ಹನ್ನೆರಡು ಮಂದಿ ತಾಯಂದಿರು ಬಂದು ನಿಂತರು. ಮಲ್ಲಾಜಿ ದಾರಿಯುದ್ದಕ್ಕೂ ಹೇಳಿಕಳಿಸಿದ್ದಳು. ಬಾಗಿಲು ಮುಚ್ಚಿತ್ತು. ಒಳಗೆ ಪಾಯಸ ಕುದಿಯುತ್ತಿತ್ತು. ಮೆಟ್ಟಿಲ ಮೇಲೆ ಶತಕಂಠನೇ ಬಂದು ನಿಂತ. ಉದ್ದನೆಯ ಕತ್ತು. ಒಳಗೆ ಕಪ್ಪೆಗಳಿದ್ದ ಹಾಗೆ ಆ ಕತ್ತು ಅಲ್ಲಲ್ಲಿ ಉಬ್ಬುತ್ತಿತ್ತು.

"ಇವತ್ತು ಫಾಲ್ಗುಣ ಪಾಡ್ಯ, ಗೂಬೆಯ ಹಬ್ಬ," ಎಂದ ಮುದುಕನ ದನಿಯಲ್ಲಿ. "ವಾಸನೆ ಬರುತ್ತಿಲ್ಲವೇ?" ಎಂದ ಹುಡುಗಿಯ ದನಿಯಲ್ಲಿ. "ಮುಟ್ಟುವವಳು ಮುಟ್ಟಲಿ," ಎಂದ ಗಂಡಸಿನ ದನಿಯಲ್ಲಿ.

ತಾಯಂದಿರು ಮಲ್ಲಾಜಿಯ ಮುಖ ನೋಡಿದರು. ಅವಳು ಒಂದು ಮೆಟ್ಟಿಲು ಹತ್ತಿದಳು. ಶತಕಂಠ ಬಾಗಿ, ಎಳೆಯ ಮಗುವಿನ ದನಿಯಲ್ಲಿ ಹೇಳಿದ: "ಅವ್ವಾ, ನಾನು ಹೂವಿ. ಮುಟ್ಟಬೇಡ ಅವ್ವಾ. ನನ್ನ ಹೆಸರು ಹೋಗುತ್ತದೆ."

ಮಲ್ಲಾಜಿ ಅದೇ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹನ್ನೊಂದು ತಿಂಗಳಿಂದ ಆ ದನಿ ಹೇಗಿರಬಹುದೆಂದು ನೆನೆದು ನೆನೆದು ಮಲಗಿದವಳು. ಆದರೆ ಅವಳ ನಾಲಿಗೆ ನಿಲ್ಲಲಿಲ್ಲ.

"ಹುಟ್ಟಿದಾಗಿನಿಂದ ಒಂದು ಸಲವೂ ಸದ್ದು ಮಾಡಿ ಅಳದೆ ಇರೋ ಕೂಸು ಇಷ್ಟು ಮಾತು ಜೋಡಿಸುತ್ತಾ? ನನ್ನ ಮಗಳಾದ್ರೆ ಮೊದಲು ಕಿರುಚ್ತಾಳೆ. ಅವಳಿಗೆ 'ಮುಟ್ಟಬೇಡ' ಅನ್ನೋ ಮಾತು ಇಷ್ಟವೇ ಇಲ್ಲ, ಕೈಗೆ ಸಿಕ್ಕಿದ್ದೆಲ್ಲ ಮುಟ್ಟುತ್ತಾಳೆ."

"ಯಾಳಿ, ಅವಳು ಕೈ ಚಾಚಿದರೆ ಹೆಸರು ಕಚ್ಚು," ಎಂದು ಶತಕಂಠ ತೊಂಬತ್ತು ದನಿಯಲ್ಲಿ ಒಟ್ಟಿಗೆ ಕೂಗಿದ.

ಮಲ್ಲಾಜಿ ಯಾಳಿಯ ಮುಂದೆ ಮೊರ ಇಳಿಸಿ, ನೂಲು ಬಿಚ್ಚಿ, ಮುಚ್ಚಳ ತೆಗೆದಳು. ಬೆಲ್ಲದ ವಾಸನೆ, ಎಳ್ಳಿನ ವಾಸನೆ ಬೀದಿಗೆಲ್ಲ ಹರಡಿತು. ಯಾಳಿ ಸೊಂಡಿಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತಾ ಎಣಿಸಿತು.

"ಮೂವತ್ತಮೂರು," ಎಂದಿತು ಮೆಲ್ಲನೆ. "ಮೂವತ್ತಮೂರು ಕಜ್ಜಾಯ ಬೇರೆ ಯಾವ ತಿಂಗಳಲ್ಲೂ ಬೇಯುವುದಿಲ್ಲ."

"ಅದು ಅಳಿಯನಿಗೆ ಕೊಡುವುದು," ಎಂದ ಶತಕಂಠ. ಅವನ ಉದ್ದನೆಯ ಕತ್ತಿನ ಮೇಲೆ ಬೆವರು ಮೂಡಿತ್ತು. "ಅವಳಿಗೆ ಅಳಿಯನೆಲ್ಲಿ? ಈ ಕಜ್ಜಾಯ ಲೆಕ್ಕಕ್ಕಿಲ್ಲ."

"ನನ್ನ ಮಗಳ ದನಿಯನ್ನು ಒಂದು ವರ್ಷ ಹಗಲೂ ರಾತ್ರಿ ಕಾದಿದ್ದಾನೆ," ಎಂದಳು ಮಲ್ಲಾಜಿ ಯಾಳಿಯ ಕಡೆ ಕೈ ತೋರಿಸಿ. "ನಮ್ಮ ಮನೆ ಅಳಿಯ ಒಂದು ದಿನ ಕೊಡ ನೀರು ತಂದವನಲ್ಲ. ಅವನಿಗೇ ಕೊಟ್ಟಿದ್ದೀವಿ. ಇವನಿಗೆ ಕೊಡಬಾರದಾ?"

ಯಾಳಿ ಒಂದು ಕಜ್ಜಾಯ ಬಾಯಿಗೆ ಹಾಕಿಕೊಂಡಿತು. ಮುನ್ನೂರು ವರ್ಷ ಕೂತಿದ್ದ ಜಾಗದಿಂದ ಎದ್ದಿತು. ಅದರ ಮೈಮೇಲಿನ ಕಲ್ಲು ಚಕ್ಕೆ ಚಕ್ಕೆಯಾಗಿ ಉದುರಿ ಒಳಗಿನಿಂದ ಹೊಂಬಣ್ಣದ ತುಪ್ಪಳ ಹೊಳೆಯಿತು.

"ಇದು ಅಧಿಕ ಮಾಸ," ಎಂದು ಅದು ಊರಿಗೆಲ್ಲ ಕೇಳುವಂತೆ ಹೇಳಿತು. "ಇಂದು ಹಬ್ಬವಿಲ್ಲ. ತಾಯಿ, ತಳ್ಳು."

ಮಲ್ಲಾಜಿ ಎರಡೂ ಕೈಯಿಟ್ಟು ತಳ್ಳಿದಳು.

ಬಾಗಿಲು ತೆರೆಯಿತು. ತೆರೆದ ಗಳಿಗೆಗೆ ಹಬ್ಬದ ಸುಳ್ಳು ಬಯಲಾಗಿ ಮಾಯೆ ಸಡಿಲಿತು, ಒಲೆಯ ಮೇಲಿನ ಪಾಯಸ ಇಂಗಿಹೋಯಿತು. ಶತಕಂಠನ ಕಳ್ಳಹಬ್ಬಗಳ ಓಲೆಗಳು ಬೂದಿಯಾದವು. ಅವನ ಕತ್ತಿನಿಂದ ದನಿಗಳು ಒಂದೊಂದಾಗಿ ಗುಬ್ಬಿಗಳ ಹಾಗೆ ಹಾರಿ ತಮ್ಮ ತಮ್ಮ ಊರಿನ ದಾರಿ ಹಿಡಿದವು. ಬಿಸಿಲುಗಟ್ಟೆಯಲ್ಲಿ ಆಚೆಮನೆಯ ಹುಡುಗ ಕೈ ತಟ್ಟುವುದನ್ನು ನಿಲ್ಲಿಸಿ "ಅವ್ವಾ, ಹಸಿವು" ಎಂದನಂತೆ. ಅವನ ಅವ್ವ ಕೈಯಲ್ಲಿದ್ದ ಕೊಡ ಬಿಟ್ಟಳಂತೆ.

ತೊಂಬತ್ತು ದನಿ ಹೋದ ಮೇಲೆ ಶತಕಂಠನ ಬಾಯಲ್ಲಿ ಏನೂ ಉಳಿಯಲಿಲ್ಲ. ಬಾಯಿ ಆಡಿಸಿದ, ಸದ್ದಿಲ್ಲ. ಯಾಳಿ ಒಳಗೆ ಹೋಗಿ, ಎಲ್ಲಕ್ಕಿಂತ ಕೆಳಗಿನ ಗೂಡಿಗೆ ಸೊಂಡಿಲು ತೂರಿಸಿ, ದೂಳು ಹಿಡಿದ ಹಳೆಯ ಚಿಪ್ಪೊಂದನ್ನು ತಂದಿತು.

"ಇದು ಅವನದು," ಎಂದಿತು. "ಅರುವತ್ತು ವರ್ಷದ ಹಿಂದೆ ಅವನ ತಾಯಿ ಬಂದಿದ್ದಳು. ಹೊಳೆ ತುಂಬಿ ಬಂದು ದಾರಿಯಲ್ಲಿ ದಿನದ ಲೆಕ್ಕ ತಪ್ಪಿತ್ತು. ಹಬ್ಬದ ದಿನ ಬಾಗಿಲು ಮುಟ್ಟಿದಳು. ನಾನೇ ಕಚ್ಚಿದೆ."

ಮಲ್ಲಾಜಿ ಆ ಚಿಪ್ಪನ್ನು ಸೆರಗಿನಿಂದ ಒರೆಸಿದಳು. ಬೈಯಬೇಕೆಂದು ಕೂಡಿಟ್ಟ ಮಾತು ಬಾಯ ತುಂಬ ಇತ್ತು. ಹೂವಿ ಅವಳ ಬೆನ್ನ ಮೇಲೆ ಕಾಲು ಬಡಿದಳು. ಮಲ್ಲಾಜಿ ಮಾತು ನುಂಗಿಕೊಂಡು ಚಿಪ್ಪನ್ನು ಶತಕಂಠನ ತುಟಿಗೆ ಇಟ್ಟಳು. ಗಡ್ಡ ನೆರೆತ ಆ ಮನುಷ್ಯ ಅಲ್ಲೇ ಮೆಟ್ಟಿಲ ಮೇಲೆ ಕೂತು, ಆಗ ಹುಟ್ಟಿದ ಕೂಸಿನ ಹಾಗೆ ಅತ್ತ. ಅಳು ಮುಗಿದಾಗ ಮಧ್ಯಾಹ್ನವಾಗಿತ್ತು, ಅವನಲ್ಲಿ ಮಾಯೆ ಒಂದು ಹನಿಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಮಲ್ಲಾಜಿ ಒಳಗೆ ಹೋಗಿ ತನ್ನ ಚಿಪ್ಪನ್ನು ತೆಗೆದುಕೊಂಡಿದ್ದಳು. ಹೂವಿಯ ತುಟಿಗೆ ಇಟ್ಟಳು. ಹೂವಿ ಚಿಪ್ಪನ್ನು ಒಮ್ಮೆ ನೆಕ್ಕಿದಳು. ಆಮೇಲೆ ಬಾಯಿ ತೆರೆದು ಕಿರುಚಿದಳು. ಭಂಡಾರದ ಹೆಂಚು ಅದುರಿದವು, ಅರಮನೆಯಲ್ಲಿ ನಿದ್ದೆಯಲ್ಲಿದ್ದ ರಾಜ ಉದಯಮಾರ ಎದ್ದು ಚಪ್ಪಲಿಯಿಲ್ಲದೆ ಓಡಿಬಂದ. ಮಲ್ಲಾಜಿ ಬಾಗಿಲಿಗೆ ಒರಗಿ ಆ ಕಿರುಚಾಟವನ್ನು ಕಣ್ಣುಮುಚ್ಚಿ ಕೇಳುತ್ತಿದ್ದಳು.

ರಾಜ ನಡೆದದ್ದನ್ನೆಲ್ಲ ತಿಳಿದು ತಲೆ ತಗ್ಗಿಸಿದ. "ತಾಯಿ, ನಿನಗೇನು ಬೇಕೋ ಕೇಳು," ಎಂದ.

"ಒಂದು ಗೋಡೆ," ಎಂದಳು ಮಲ್ಲಾಜಿ. "ಇದೇ ಭಂಡಾರದ ಹೊರಗೋಡೆ. ಸುಣ್ಣ ನೀವು ಕೊಡಿ, ಕೆಮ್ಮಣ್ಣು ನಮ್ಮದು. ತೆಗೆದಿರೋ ದಿನ, ಮುಚ್ಚಿರೋ ದಿನ ಎರಡೂ ಮೊದಲೇ ಕಾಣಬೇಕು. ಹಬ್ಬ ಎಲ್ಲರದೂ ಇರಲಿ, ಒಂದೂ ಕಡಿಮೆ ಮಾಡಬೇಡಿ. ಮಕ್ಕಳ ದನಿಗೆ ಒಂದೇ ಸಲ ಬಂದರೆ ಸಾಕು. ಹೊಳೆ ಬಂದು ತಡವಾದವರಿಗೆ ಯುಗಾದಿ ಆದ ಮೇಲೂ ಒಂದು ತಿಂಗಳು ಬಿಡಿ."

"ಯಾಳಿ?" ಎಂದ ರಾಜ.

"ಅವನಿಗೆ ಪ್ರತಿ ಹಬ್ಬಕ್ಕೂ ಎಲೆ ಹಾಕಿ. ಕಚ್ಚೋದು ತಾನಾಗಿ ನಿಲ್ಲುತ್ತೆ."

ಹಾಗೆಯೇ ಆಯಿತು. ಕುಂದಣಾವತಿಯಲ್ಲಿ ಅಂದಿನಿಂದ ವರ್ಷ ಹುಟ್ಟುವ ಮೊದಲೇ ಭಂಡಾರದ ಗೋಡೆಯ ಮೇಲೆ ವರ್ಷ ಬರೆದಾಗಿರುತ್ತಿತ್ತು. ತಾಯಂದಿರು ನೋಡಿ ಹೊರಡುತ್ತಿದ್ದರು, ನಗುತ್ತಾ ಮರಳುತ್ತಿದ್ದರು. ಕಳ್ಳಹಬ್ಬಗಳೆಲ್ಲ ಅಳಿಸಿಹೋದವು. ಇರುವೆ ಹಬ್ಬ ಒಂದು ಮಾತ್ರ ಉಳಿಯಿತು. ಮಕ್ಕಳು ಹಟ ಹಿಡಿದಿದ್ದರು.

ಶತಕಂಠ ಬಿಸಿಲುಗಟ್ಟೆಗೆ ಬಂದು ಶ್ಯಾವಿಗೆಯ ಹಿಟ್ಟು ನಾದುವ ಕೆಲಸಕ್ಕೆ ನಿಂತ. ಪಾರವ್ವನ ಬಾಯಿಗೆ ಸಿಕ್ಕಮೇಲೆ ತೊಂಬತ್ತು ದನಿಯಿದ್ದರೂ ಅವನಿಗೆ ಮಾತಾಡಲು ಬಿಡುವು ಸಿಗುತ್ತಿರಲಿಲ್ಲ. ಹೂವಿ ಬೆಳೆದಳು, ಮಾತು ಕಲಿತಳು, ಕಲಿತ ಮೇಲೆ ನಿಲ್ಲಿಸಲಿಲ್ಲ. ಕಡಲಿನಿಂದ ಬಂದ ಅವಳ ಅಪ್ಪ ಬಾಗಿಲಲ್ಲೇ ನಿಂತು ಅರ್ಧ ದಿನ ಕೇಳಿದ.

"ಸದ್ಯ, ಬಾಯಿ ತಾಯಿಯದೇ," ಎಂದಳು ಪಾರವ್ವ.

ಅಲ್ಲಿ ಅವರ ಶ್ಯಾವಿಗೆ ಒಣಗಿತು, ಹಾಲು ಉಕ್ಕಿತು, ಎಲ್ಲರೂ ಕೂತು ಉಂಡರು. ಉಳಿದ ಕಜ್ಜಾಯ ಯಾಳಿ ತಿಂದಿತು. ನಮ್ಮ ಗೋಡೆಯ ಮೇಲೂ ದಿನಗಳಿವೆ, ಕೆಂಪು ಯಾವುದು ಎಂದು ನೋಡಿಕೊಂಡು ಹೊರಡಿ.